ಪಾರ್ಟ್ನರ್ ಜೊತೆ ಸಣ್ಣ ಹೋಟೆಲ್ ಇಡುವವರಿಗೆ

ನಮ್ಮಿಬ್ಬರ ಮೊದಲ ಜಗಳ ಆಗಿದ್ದು ಒಂದು ಕಾಫಿಗೆ. ಹದಿನೈದು ರೂಪಾಯಿ ಕಾಫಿ. ಪಾರ್ಟ್ನರ್‌ನ ಭಾವಮೈದ ದಿನಾ ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದು ಕುಡಿದು ಹೋಗುತ್ತಿದ್ದರು. ಅವರು ದುಡ್ಡು ಕೊಡುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ಮೂರು ತಿಂಗಳು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡು ಕೂತಿದ್ದೆ. ನಾಲ್ಕನೇ ತಿಂಗಳು ನನ್ನ ಅಕ್ಕನ ಮೊಮ್ಮಗನ ನಾಮಕರಣಕ್ಕೆ ಇನ್ನೂರು ಇಡ್ಲಿ ಕಳಿಸಿದೆ, ಬಿಲ್ ಇಲ್ಲದೆ. ಅವತ್ತು ರಾತ್ರಿ ಪಾರ್ಟ್ನರ್ ಇಡ್ಲಿ ಬಗ್ಗೆ ಕೇಳಿದ. ನಾನು ಕಾಫಿ ವಿಷಯ ತೆಗೆದೆ. ಗ್ರೈಂಡರ್ ಸದ್ದಿಗಿಂತ ಜೋರಾಗಿ ಇಬ್ಬರೂ ಕೂಗಾಡಿದೆವು. ಮರುದಿನ 200 ಪುಟದ ಒಂದು ನೋಟ್‌ಬುಕ್ ತಂದು ಗಲ್ಲಾದ ಕೆಳಗೆ ಇಟ್ಟೆವು. ಮನೆಯವರು ಯಾರೇ ಬಂದು ಏನೇ ತಿನ್ನಲಿ, ಅದರಲ್ಲಿ ಬರೆಯಬೇಕು. ತಿಂಗಳ ಕೊನೆಗೆ ಅವರವರ ಸಂಬಳದಲ್ಲಿ ಕಳೆಯಬೇಕು.

ಭಾವಮೈದ ಈಗಲೂ ಬರುತ್ತಾರೆ. ಈಗ ಅವರ ಕಾಫಿ ನೋಡಿದರೆ ನನಗೆ ಹೊಟ್ಟೆ ಉರಿಯುವುದಿಲ್ಲ.

ನಮ್ಮದು ಮೈಸೂರಿನ ಒಂದು ಬಡಾವಣೆಯಲ್ಲಿರುವ ಆರು ಟೇಬಲ್‌ನ ತಿಂಡಿ ಹೋಟೆಲ್. 2021ರ ದಸರಾ ಮುಗಿದ ಮೇಲೆ ಶುರು ಮಾಡಿದ್ದು. ಒಲೆ ಅವನದು, ಗಲ್ಲಾ ನನ್ನದು. ನಾವೂ ಹೀಗೇ ಇಬ್ಬರು ಸೇರಿ ಒಂದು ಹೋಟೆಲ್ ಇಡಬೇಕು ಅಂತ ವಿಚಾರಿಸಿಕೊಂಡು ಬರುವವರು ಇದ್ದೇ ಇರುತ್ತಾರೆ. ಎಲ್ಲರೂ ಮೊದಲು ಕೇಳುವುದು ಬಂಡವಾಳ ಎಷ್ಟು ಬೇಕು ಅಂತ. ನಾನು ತಿರುಗಿ ಕೇಳುವುದು, ಇಬ್ಬರೂ ಸೇರಿ ಇದುವರೆಗೆ ಏನೇನು ಬರೆದುಕೊಂಡಿದ್ದೀರಿ ಅಂತ.

ಅಡ್ವಾನ್ಸ್ ಕೊಡುವ ಮುಂಚೆ

ಮೊದಲೇ ಬ್ರೋಕರ್ ಹತ್ತಿರ ಹೋಗಬೇಡಿ. ಒಂದು ಭಾನುವಾರ ಇಬ್ಬರೂ ಕೂತು, ಸಾಧ್ಯವಾದರೆ ಮನೆಯವರನ್ನೂ ಕೂರಿಸಿಕೊಂಡು, ಮುಜುಗರದ ಪ್ರಶ್ನೆಗಳನ್ನೆಲ್ಲ ಕೇಳಿ ಮುಗಿಸಿ. ಮನೆ ಖರ್ಚಿಗೆ ತಿಂಗಳಿಗೆ ಎಷ್ಟು ಬೇಕೇ ಬೇಕು? ಲಾಭ ಬರದೆ ಎಷ್ಟು ತಿಂಗಳು ತಡೆಯಬಹುದು? ಯಾರ ತಲೆ ಮೇಲೆ ಎಷ್ಟು ಸಾಲ ಇದೆ? ಬೆಳಿಗ್ಗೆ ನಾಲ್ಕೂವರೆಗೆ ಶಟರ್ ಎತ್ತುವವರು ಯಾರು? ಹೆಂಡತಿ, ಅಣ್ಣ, ಮಗ ಬಂದು ಗಲ್ಲಾದಲ್ಲಿ ಕೂರಬಹುದಾ? ಒಬ್ಬರು ಎರಡು ಮೂರು ತಿಂಗಳು ಹಾಸಿಗೆ ಹಿಡಿದರೆ ಏನು ಮಾಡುವುದು?

ಕೊನೆಯ ಪ್ರಶ್ನೆ ನಾವು ಕೇಳಿಕೊಂಡಿರಲಿಲ್ಲ. ಎರಡನೇ ವರ್ಷ ಅವನು ಸ್ಕೂಟರ್‌ನಿಂದ ಬಿದ್ದು ಕಾಲು ಮುರಿದುಕೊಂಡ. ಎಂಟು ವಾರ ಮನೆಯಲ್ಲಿ. ಬದಲಿ ಭಟ್ಟರಿಗೂ ಸಂಬಳ ಕೊಟ್ಟು ಅವನಿಗೂ ಪೂರ್ತಿ ಪಾಲು ಕೊಡಬೇಕಾ ಅಂತ ನಾನು ನಿದ್ದೆಗೆಟ್ಟೆ. ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿರುವವನ ಮುಂದೆ ದುಡ್ಡಿನ ಮಾತು ತೆಗೆಯುವುದು ಹೇಗೆ? ಈಗ ನಮ್ಮ ಪಾಲುದಾರಿಕೆ ಪತ್ರದಲ್ಲಿ ಒಂದು ಸಾಲು ಇದೆ. ಕಾಯಿಲೆ ಬಿದ್ದರೆ ಎರಡು ತಿಂಗಳು ಪೂರ್ತಿ ಸಂಬಳ, ಆಮೇಲೆ ಬದಲಿ ಆಳಿನ ಖರ್ಚು ಕಳೆದು ಉಳಿದದ್ದು. ಸರಿಯೋ ತಪ್ಪೋ, ಇಬ್ಬರೂ ಗಟ್ಟಿಮುಟ್ಟಾಗಿದ್ದಾಗ ಒಪ್ಪಿಕೊಂಡಿದ್ದು ಅದು.

ಪತ್ರ ಬೇಡ ಅಂದರೂ ಒಂದು ಪತ್ರ ಇದ್ದೇ ಇದೆ

"ನಾವು ಅಣ್ಣತಮ್ಮಂದಿರ ಥರ ಇದ್ದೀವಿ, ನಮಗ್ಯಾಕೆ ಪತ್ರ" ಅನ್ನುವವರು ಜಾಸ್ತಿ. ನೀವು ಬರೆದುಕೊಳ್ಳದೇ ಹೋದರೆ 1932ರ ಭಾರತೀಯ ಪಾಲುದಾರಿಕೆ ಕಾಯ್ದೆ ನಿಮ್ಮ ಪರವಾಗಿ ಬರೆದಿಟ್ಟಿದೆ. ಅದರ ಪ್ರಕಾರ ಲಾಭನಷ್ಟ ಸಮಪಾಲು. ಒಬ್ಬರು ಎಂಟು ಲಕ್ಷ ಹಾಕಿ ಇನ್ನೊಬ್ಬರು ಎರಡು ಲಕ್ಷ ಹಾಕಿದ್ದರೂ ಅಷ್ಟೇ. ದಿನಕ್ಕೆ ಹದಿನಾಲ್ಕು ಗಂಟೆ ಒಲೆ ಮುಂದೆ ಬೆಂದರೂ ಅದಕ್ಕೆ ಬೇರೆ ಸಂಬಳ ಇಲ್ಲ. ಬಂಡವಾಳ ಬಿಟ್ಟು ಮೇಲೆ ಕೈಯಿಂದ ಹಾಕಿದ ದುಡ್ಡಿಗೆ ವರ್ಷಕ್ಕೆ 6 ಪರ್ಸೆಂಟ್ ಬಡ್ಡಿ. ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಹೋಟೆಲ್ ವ್ಯವಹಾರಕ್ಕೆ ಅಂತ ಒಬ್ಬ ಪಾರ್ಟ್ನರ್ ಮಾಡಿದ ಸಾಲಕ್ಕೆ ಇನ್ನೊಬ್ಬನೂ ಪೂರ್ತಿ ಹೊಣೆ. ಅರ್ಧ ಅಲ್ಲ, ಪೂರ್ತಿ. ಕಿರಾಣಿ ಅಂಗಡಿಯವನು ನಿಮ್ಮ ಮನೆ ಬಾಗಿಲಿಗೇ ಬಂದು ನಿಲ್ಲಬಹುದು.

ಹೊರಗಿನವರ ಸಾಲದ ಹೊಣೆ ಬಿಟ್ಟು ಉಳಿದದ್ದನ್ನೆಲ್ಲ ಬದಲಾಯಿಸಿಕೊಳ್ಳಲು ಕಾಯ್ದೆಯಲ್ಲೇ ಅವಕಾಶ ಇದೆ. ವಕೀಲರ ಹತ್ತಿರ ಪಾಲುದಾರಿಕೆ ಪತ್ರ ಮಾಡಿಸಿ, ಫರ್ಮ್ ಅಂದರೆ ನಿಮ್ಮಿಬ್ಬರ ಪಾಲುದಾರಿಕೆ ಸಂಸ್ಥೆಯ ನೋಂದಣಿ ಮಾಡಿಸಿ. ನೋಂದಣಿ ಕಡ್ಡಾಯ ಏನಲ್ಲ. ಆದರೆ ನೋಂದಣಿ ಆಗದ ಫರ್ಮ್ ಹೆಸರಲ್ಲಿ ಬಾಕಿ ವಸೂಲಿಗೆ, ಕರಾರು ಮುರಿದವರ ಮೇಲೆ ದಾವೆ ಹೂಡಲು ಆಗುವುದಿಲ್ಲ. ಆಮೇಲೆ ಫರ್ಮ್ ಹೆಸರಲ್ಲೇ ಪ್ಯಾನ್, ಫರ್ಮ್ ಹೆಸರಲ್ಲೇ ಕರೆಂಟ್ ಅಕೌಂಟ್.

ಪತ್ರದಲ್ಲಿ ವಕೀಲರು ಮಾಮೂಲಿ ವಿಷಯ ಹಾಕುತ್ತಾರೆ. ಹೋಟೆಲಿನದೇ ಆದ ವಿಷಯ ನೀವು ಹೇಳಿ ಸೇರಿಸಬೇಕು. ನಮ್ಮದರಲ್ಲಿ ಹೀಗಿದೆ: ಇಬ್ಬರಿಗೂ ತಿಂಗಳಿಗೆ ಇಷ್ಟು ಅಂತ ಸಂಬಳ, ಲಾಭ ಹಂಚಿಕೆ ಅದಾದ ಮೇಲೆ. 5,000 ರೂಪಾಯಿಗಿಂತ ದೊಡ್ಡ ಖರ್ಚಿಗೆ ಇಬ್ಬರ ಒಪ್ಪಿಗೆ. ಕೈಸಾಲ ತರುವಂತಿಲ್ಲ, ಯಾರಿಗೂ ಜಾಮೀನು ನಿಲ್ಲುವಂತಿಲ್ಲ. ನೆಂಟರನ್ನು ಕೆಲಸಕ್ಕೆ ಸೇರಿಸುವ ಮುಂಚೆ ಕೇಳಬೇಕು. ಅವನು ಮನೆಯಿಂದ ತಂದ ಹಳೇ ಗ್ರೈಂಡರ್‌ಗೂ ಒಂದು ಬೆಲೆ ಕಟ್ಟಿ ಅವನ ಬಂಡವಾಳಕ್ಕೆ ಸೇರಿಸಿದೆವು. ಇಲ್ಲದಿದ್ದರೆ ಆ ಗ್ರೈಂಡರ್ ಹತ್ತು ವರ್ಷ ನಮ್ಮಿಬ್ಬರ ಮಧ್ಯೆ ತಿರುಗುತ್ತಲೇ ಇರುತ್ತಿತ್ತು.

ಸಂಬಳದ ಸಾಲು ಪತ್ರದಲ್ಲಿ ಇರಲೇಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ತೆರಿಗೆ. ಫರ್ಮ್ ಲಾಭದ ಮೇಲೆ ನೇರವಾಗಿ 30 ಪರ್ಸೆಂಟ್ ಆದಾಯ ತೆರಿಗೆ ಬೀಳುತ್ತದೆ. ಪಾರ್ಟ್ನರ್ ಸಂಬಳವನ್ನು ಒಂದು ಮಿತಿಯೊಳಗೆ ಖರ್ಚು ಅಂತ ತೋರಿಸಬಹುದು, ಆದರೆ ಪತ್ರದಲ್ಲಿ ಬರೆದಿದ್ದರೆ ಮಾತ್ರ. 2025ರ ಏಪ್ರಿಲ್‌ನಿಂದ ಇನ್ನೊಂದು ಸೇರಿದೆ. ಪಾರ್ಟ್ನರ್‌ಗೆ ಕೊಡುವ ಸಂಬಳ, ಬಡ್ಡಿ ವರ್ಷಕ್ಕೆ 20,000 ದಾಟಿದರೆ ಫರ್ಮೇ 10 ಪರ್ಸೆಂಟ್ ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿದು ಕಟ್ಟಬೇಕು. ಇದನ್ನು ಅಕೌಂಟೆಂಟ್‌ಗೆ ಬಿಡಿ, ಆದರೆ ಕೇಳಿ ತಿಳಿದುಕೊಂಡಿರಿ.

ಜಾಗ

ಜಾಗ ಇಷ್ಟವಾದರೆ ತಕ್ಷಣ ಹೂಂ ಅನ್ನಬೇಡಿ. ಎದುರುಗಡೆ ಸ್ಕೂಟರ್ ನಿಲ್ಲಿಸಿಕೊಂಡು ಮೂರು ದಿನ ಕೂತು ಜನ ಎಣಿಸಿ. ವಾರದ ಮಧ್ಯೆ ಎರಡು ದಿನ, ಒಂದು ಭಾನುವಾರ. ಆರೂವರೆಯ ವಾಕಿಂಗ್ ಜನ, ಎಂಟು ಗಂಟೆಗೆ ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬರುವವರು, ಹತ್ತು ಗಂಟೆಯ ಬ್ಯಾಂಕು ಆಫೀಸಿನವರು, ಸಂಜೆ ಕೋಚಿಂಗ್ ಸೆಂಟರ್ ಹುಡುಗರು, ಒಬ್ಬೊಬ್ಬರದು ಒಂದೊಂದು ತಿಂಡಿ. ಸ್ಕೂಲ್ ನಂಬಿಕೊಂಡ ಜಾಗಕ್ಕೆ ಏಪ್ರಿಲ್, ಮೇ ಬಿತ್ತು ಅಂದರೆ ನೊಣ ಹೊಡೆಯುವ ಕಾಲ.

ನಾವು ಎಡವಿದ್ದು ಬೇರೆ ಕಡೆ. ಬಾಡಿಗೆ ಕರಾರು ನನ್ನೊಬ್ಬನ ಹೆಸರಲ್ಲಿ ಮಾಡಿಸಿದ್ದೆ, ಸುಮ್ನೆ ಅವತ್ತು ಅವನು ಊರಲ್ಲಿ ಇರಲಿಲ್ಲ ಅಂತ. ಒಂದು ವರ್ಷ ಆದ ಮೇಲೆ ಯಾವುದೋ ಮಾತಿಗೆ ಅವನು, "ಅಂಗಡಿ ನಿನ್ನ ಹೆಸರಲ್ಲಿದೆ ಬಿಡು" ಅಂದ. ಅವನು ಅಷ್ಟು ದಿನ ಅದನ್ನು ಒಳಗೇ ಇಟ್ಟುಕೊಂಡಿದ್ದ. ಕರಾರು ಫರ್ಮ್ ಹೆಸರಲ್ಲೇ ಇರಲಿ, ಇಬ್ಬರ ಸಹಿಯೂ ಇರಲಿ. 11 ತಿಂಗಳ ಕರಾರಿನ ಮೇಲೆ ಲಕ್ಷಗಟ್ಟಲೆ ಸುರಿದು ಅಡುಗೆಮನೆ ಕಟ್ಟುವುದು ದಡ್ಡತನ. ಮೂರರಿಂದ ಐದು ವರ್ಷಕ್ಕೆ ಕೇಳಿ. ವರ್ಷ ಮೀರಿದ ಕರಾರು ಆದ್ದರಿಂದ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಮಾಡಿಸಲೇಬೇಕು. ಬಾಡಿಗೆ ಎಷ್ಟು ಏರುತ್ತದೆ, ಅಡ್ವಾನ್ಸ್ ಯಾವಾಗ ವಾಪಸ್, ಬಣ್ಣದ ಖರ್ಚು ಯಾರದು, ಎಲ್ಲ ಅದರಲ್ಲೇ ಬರಲಿ.

ಮೇಲಿನ ಮಹಡಿಯಲ್ಲಿ ಮನೆ ಇದ್ದರೆ ಚಿಮಣಿ ವಿಷಯ ಮೊದಲೇ ಮಾತಾಡಿ. ಒಣಮೆಣಸಿನಕಾಯಿ ಒಗ್ಗರಣೆ ಘಾಟು ಎರಡು ಮಹಡಿ ಏರುತ್ತದೆ. ನಮ್ಮ ಮೇಲಿನ ಮನೆಯವರು ಮೊದಲ ವಾರದಲ್ಲೇ ಕೆಮ್ಮುತ್ತಾ ಇಳಿದು ಬಂದರು. ಆಮೇಲೆ ಮೂರನೇ ಮಹಡಿ ದಾಟುವ ಹಾಗೆ ಪೈಪ್ ಹಾಕಿಸಿದ್ದಕ್ಕೆ, ಮೊದಲೇ ಹಾಕಿಸಿದ್ದರೆ ಆಗುತ್ತಿದ್ದ ಖರ್ಚಿನ ಎರಡರಷ್ಟು ಆಯಿತು. ಒಳಚರಂಡಿ ಪೈಪ್ ಎಷ್ಟು ಅಗಲ ಇದೆ, ಮಧ್ಯದಲ್ಲಿ ಜಿಡ್ಡು ಹಿಡಿಯುವ ಗುಂಡಿ ಕಟ್ಟಲು ಜಾಗ ಇದೆಯಾ, ಅದನ್ನೂ ನೋಡಿ. ಕರೆಂಟ್ ಮೀಟರ್ ವಾಣಿಜ್ಯ ದರದ್ದೇ ಇರಬೇಕು.

ಟೇಬಲ್ ಬೇಕೇ ಬೇಕು ಅಂತೇನಿಲ್ಲ. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ ನಿಂತು ತಿನ್ನುವುದು ನಮ್ಮ ಜನಕ್ಕೆ ಅಭ್ಯಾಸ ಆಗಿದೆ. ಜಾಗ ಕಮ್ಮಿ, ಆಳು ಕಮ್ಮಿ. ಆದರೆ ಬಡಾವಣೆಯಲ್ಲಿ ಮೊಣಕಾಲು ನೋವಿನ ಹಿರಿಯರು ಬರುತ್ತಾರೆ. ನಾಲ್ಕು ಕುರ್ಚಿ ಇಲ್ಲದಿದ್ದರೆ ಅವರು ಬರುವುದಿಲ್ಲ, ಅವರ ಮನೆಯವರೂ ಬರುವುದಿಲ್ಲ.

ಒಂದು ಮಸಾಲೆ ದೋಸೆಯ ಲೆಕ್ಕ

ಇಬ್ಬರೂ ಕೂತು ಒಮ್ಮೆಯಾದರೂ ಈ ಲೆಕ್ಕ ಬರೆಯಿರಿ. ಬೆಲೆ ನಿಮ್ಮ ಊರಿನದು ಹಾಕಿಕೊಳ್ಳಿ, ಕ್ರಮ ಇದೇ.

4 ಕೆಜಿ ದೋಸೆ ಅಕ್ಕಿ ಕೆಜಿಗೆ 45ರ ಹಾಗೆ 180 ರೂಪಾಯಿ. 1 ಕೆಜಿ ಉದ್ದಿನಬೇಳೆ 120. ಅವಲಕ್ಕಿ, ಕಡಲೆಬೇಳೆ, ಮೆಂತ್ಯ ಸೇರಿ 40. ಒಟ್ಟು 340. ರುಬ್ಬಿದ ಮೇಲೆ ಹೆಚ್ಚುಕಮ್ಮಿ 12 ಕೆಜಿ ಹಿಟ್ಟು. ದೋಸೆಗೆ 110 ಗ್ರಾಂ ಹಿಡಿದರೆ, ಪಾತ್ರೆಗೆ ಅಂಟಿದ್ದು, ಮೊದಲ ಕೆಟ್ಟ ದೋಸೆ ಕಳೆದು 100 ದೋಸೆ. ಅಲ್ಲಿಗೆ ಹಿಟ್ಟು 3 ರೂಪಾಯಿ 40 ಪೈಸೆ. ಪಲ್ಯ 4, ಚಟ್ನಿ 5, ಸಾಂಬಾರ್ 4, ಹತ್ತು ಗ್ರಾಂ ಬೆಣ್ಣೆ 6, ಗ್ಯಾಸ್ 2. ಒಟ್ಟು 24 ರೂಪಾಯಿ 40 ಪೈಸೆ. 70 ರೂಪಾಯಿಗೆ ಮಾರಿದರೆ 45 ಉಳಿಯಿತು ಅಂತ ಖುಷಿಪಡಬೇಡಿ. ಹಿಟ್ಟಿಗಿಂತ ಬೆಣ್ಣೆ, ಚಟ್ನಿ ದುಬಾರಿ ಅನ್ನುವುದನ್ನು ಗಮನಿಸಿ. ತೆಂಗಿನಕಾಯಿ ಬೆಲೆ ಏರಿದಾಗ ಹೋಟೆಲಿನವರ ಮುಖ ಯಾಕೆ ಬಾಡುತ್ತದೆ ಅಂತ ಗೊತ್ತಾಗುತ್ತದೆ.

ಈಗ ತಿಂಗಳ ಲೆಕ್ಕ. ಬಾಡಿಗೆ 30,000. ನಾಲ್ಕು ಜನರ ಸಂಬಳ 72,000. ಕರೆಂಟ್, ನೀರು 9,000. ರಿಪೇರಿ, ಸೋಪು, ಅಕೌಂಟೆಂಟ್ ಎಲ್ಲ 9,000. ಸಾಲದ ಕಂತು 15,000. ಇಬ್ಬರು ಪಾರ್ಟ್ನರ್‌ಗೆ 20,000ದ ಹಾಗೆ 40,000. ಒಟ್ಟು 1,75,000. ಎಲ್ಲ ತಿಂಡಿ ಸೇರಿಸಿ ನೂರು ರೂಪಾಯಿ ವ್ಯಾಪಾರದಲ್ಲಿ ಸಾಮಾನು, ಗ್ಯಾಸ್‌ಗೆ 40 ಹೋಗುತ್ತದೆ ಅಂತ ಹಿಡಿಯಿರಿ. ಉಳಿದ 60ರಲ್ಲಿ 1,75,000 ಹುಟ್ಟಬೇಕು. ಅಂದರೆ ತಿಂಗಳಿಗೆ ಸುಮಾರು 2,92,000 ವ್ಯಾಪಾರ. ವಾರಕ್ಕೆ ಒಂದು ರಜಾ ಕಳೆದು 26 ದಿನ ಅಂದರೆ ದಿನಕ್ಕೆ 11,200. ತಲೆಗೆ 55 ರೂಪಾಯಿ ತಿಂದರೆ 204 ಜನ.

ನಾವು ಇಲ್ಲಿಗೆ ಲೆಕ್ಕ ನಿಲ್ಲಿಸಿ ಕೈಕುಲುಕಿದ್ದೆವು. ಜಿಎಸ್‌ಟಿ ಮರೆತಿದ್ದೆವು. ವರ್ಷಕ್ಕೆ 35 ಲಕ್ಷ ವ್ಯಾಪಾರ ಅಂದರೆ ಹೋಟೆಲಿನಂಥ ಸೇವೆಗೆ ಇರುವ 20 ಲಕ್ಷದ ಮಿತಿ ದಾಟಿದ ಹಾಗೆ, ನೋಂದಣಿ ಆಗಲೇಬೇಕು. ಒಂದೂವರೆ ಕೋಟಿವರೆಗೆ ಕಾಂಪೊಸಿಷನ್ ಸ್ಕೀಮ್ ಇದೆ. ಮೂರು ತಿಂಗಳಿಗೊಮ್ಮೆ ವ್ಯಾಪಾರದ 5 ಪರ್ಸೆಂಟ್ ಕಟ್ಟಿದರೆ ಆಯಿತು, ಕಾಗದದ ಕೆಲಸ ಕಮ್ಮಿ. ಆದರೆ ಅದನ್ನು ಗಿರಾಕಿ ಬಿಲ್ಲಿನಲ್ಲಿ ಸೇರಿಸುವಂತಿಲ್ಲ, ನಮ್ಮ ಜೇಬಿನಿಂದಲೇ ಹೋಗಬೇಕು. 60 ಉಳಿಯುವ ಕಡೆ 55 ಉಳಿಯಿತು. ದಿನಕ್ಕೆ 12,200 ಆಗಬೇಕು, 222 ಜನ ಬರಬೇಕು. ಹದಿನೆಂಟು ಜನ ಜಾಸ್ತಿ. ಮೊದಲ ವರ್ಷ ಪೂರ್ತಿ ಆ ಹದಿನೆಂಟು ಜನರನ್ನೇ ಹುಡುಕಿದೆವು.

ಬಂಡವಾಳ ಎಷ್ಟು ಬೇಕು ಅನ್ನುವ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಅಡ್ವಾನ್ಸ್, ಪಾತ್ರೆ, ಒಲೆ, ಗ್ರೈಂಡರ್ ಖರ್ಚಿನ ಮೇಲೆ ಈ 1,75,000ವನ್ನು ಆರು ತಿಂಗಳಿಗೆ ಗುಣಿಸಿ ಪಕ್ಕಕ್ಕೆ ಇಡಿ. ಅಷ್ಟು ಆಗದಿದ್ದರೆ ಮೂರು ತಿಂಗಳಿಗಾದರೂ.

ಮೆನು ಚಿಕ್ಕದಿರಲಿ

ಬೆಂಗಳೂರಿನ ಶಂಕರಪುರದಲ್ಲಿ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಇದೆ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ, ಹೆಚ್ಚುಕಮ್ಮಿ ಅಷ್ಟೇ. ಸಾಂಬಾರೂ ಇಲ್ಲ, ಚಟ್ನಿ ಮಾತ್ರ. ನಾವು ಮೂವತ್ತೆರಡು ಐಟಂ ಬೋರ್ಡ್ ಬರೆಸಿಕೊಂಡು ಶುರು ಮಾಡಿದೆವು. ಗೋಬಿ ಮಂಚೂರಿ ಕೂಡ ಇತ್ತು! ಆರು ತಿಂಗಳಲ್ಲಿ ಹದಿಮೂರಕ್ಕೆ ಇಳಿಸಿದೆವು. ವ್ಯಾಪಾರ ಇಳಿಯಲಿಲ್ಲ, ಫ್ರಿಜ್ಜಿನಲ್ಲಿ ಕೊಳೆಯುವುದು ನಿಂತಿತು.

ಒಂದೇ ಸಾಮಾನು ಮೂರು ಕಡೆ ಬಳಕೆ ಆಗಬೇಕು. ಉದಾಹರಣೆಗೆ ಒಂದೇ ಹಿಟ್ಟಿನಲ್ಲಿ ಮಸಾಲೆ, ಸಾದಾ, ಈರುಳ್ಳಿ ದೋಸೆ. ಹಿಟ್ಟು ಹುಳಿ ಬಂದರೆ ಸಂಜೆ ಪಡ್ಡು. ವಾರದ ನಡೆಯನ್ನೂ ನೋಡಿಕೊಳ್ಳಿ. ಶನಿವಾರ ಸಂಜೆ ಒಪ್ಪತ್ತಿನವರು ಅನ್ನ ಬಿಟ್ಟು ತಿಂಡಿ ತಿನ್ನಲು ಬರುತ್ತಾರೆ, ಅವತ್ತು ಉಪ್ಪಿಟ್ಟು, ಸೆಟ್ ದೋಸೆ ಒಂದೂವರೆ ಪಟ್ಟು ಮಾಡುತ್ತೇವೆ. ಕೆಲವರು ಈರುಳ್ಳಿ ಹಾಕಿಲ್ಲ ತಾನೇ ಅಂತ ಕೇಳುತ್ತಾರೆ. ಅವರಿಗೆ ಒಂದು ಪಾತ್ರೆ ಬೇರೆ ಇರಲಿ.

ಬೆಲೆ ಏರಿಸಲು ಹಿಂಜರಿಯಬೇಡಿ. ಆದರೆ ಎಲ್ಲವನ್ನೂ ಒಂದೇ ದಿನ ಏರಿಸಬೇಡಿ. 2025ರ ಏಪ್ರಿಲ್ 1ಕ್ಕೆ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿದಾಗ ಕಾಫಿ ಒಂದನ್ನೇ ಏರಿಸಿದೆವು. ಪೇಪರ್ ಓದಿದವರಿಗೆ ಕಾರಣ ಗೊತ್ತಿತ್ತು, ಯಾರೂ ಗೊಣಗಲಿಲ್ಲ.

ಕೈರುಚಿಯನ್ನು ತಕ್ಕಡಿಗೆ ಹಾಕಿ

ಹೋಟೆಲ್ ಮುಳುಗುವುದು ಗಲ್ಲಾದಿಂದ ಅಂತ ಎಲ್ಲ ಅಂದುಕೊಳ್ಳುತ್ತಾರೆ. ನಾನು ನೋಡಿದ ಮಟ್ಟಿಗೆ ಅಡುಗೆ ಒಬ್ಬರ ತಲೆಯಲ್ಲಿ ಮಾತ್ರ ಇರುವುದರಿಂದ ಮುಳುಗಿದವೇ ಜಾಸ್ತಿ. ಅವನು ಕಾಲು ಮುರಿದುಕೊಂಡ ಎಂಟು ವಾರ ನಮ್ಮ ಸಾಂಬಾರ್ ಎಂಟು ರುಚಿ ಕಂಡಿತು. ದಿನಾ ಬರುವ ಒಬ್ಬ ಮೇಷ್ಟ್ರು ಬಾಯಿಬಿಟ್ಟು ಏನೂ ಅನ್ನಲಿಲ್ಲ, ಚಟ್ನಿ ಮಾತ್ರ ಹಾಕಿಸಿಕೊಳ್ಳಲು ಶುರು ಮಾಡಿದರು.

ಅವನು ವಾಪಸ್ ಬಂದ ಮೇಲೆ ನಾನು ಪಕ್ಕದಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ಇಟ್ಟುಕೊಂಡು ನಿಂತೆ. ಅವನು ಮುಷ್ಟಿಯಲ್ಲಿ ಎತ್ತುತ್ತಿದ್ದ, ನಾನು ತೂಗಿ ಬರೆದುಕೊಳ್ಳುತ್ತಿದ್ದೆ. 10 ಲೀಟರ್ ಸಾಂಬಾರಿಗೆ 1 ಕೆಜಿ ತೊಗರಿಬೇಳೆ, 150 ಗ್ರಾಂ ಹುಣಸೆಹಣ್ಣು, 220 ಗ್ರಾಂ ಪುಡಿ, 120 ಗ್ರಾಂ ಉಪ್ಪು, ಒಂದು ನಿಂಬೆ ಗಾತ್ರ ಬೆಲ್ಲ. "ನಿಂಬೆ ಗಾತ್ರ ಅಂದರೆ ಎಷ್ಟು?" ಅಂತ ಕೇಳಿದ್ದಕ್ಕೆ ಸಿಟ್ಟು ಬಂದು ಬೆಲ್ಲದ ಅಚ್ಚು ನನ್ನ ಕೈಗೇ ಕೊಟ್ಟ. ತೂಗಿದರೆ 45 ಗ್ರಾಂ. ಈಗ ಆ ಹಾಳೆ ಲ್ಯಾಮಿನೇಟ್ ಆಗಿ ಒಲೆಯ ಎದುರು ಗೋಡೆಯಲ್ಲಿದೆ. ಅವನಿಲ್ಲದ ದಿನ ನಾನೂ ಸಾಂಬಾರ್ ಕೂಡಿಸುತ್ತೇನೆ.

ಹಿಟ್ಟು ಮಾತ್ರ ತಕ್ಕಡಿಗೆ ಬಗ್ಗುವುದಿಲ್ಲ. ಡಿಸೆಂಬರ್, ಜನವರಿ ಚಳಿಯಲ್ಲಿ ಎರಡು ಗಂಟೆ ಮುಂಚೆ ರುಬ್ಬಬೇಕು, ಉಗುರುಬೆಚ್ಚಗಿನ ನೀರು ಹಾಕಬೇಕು, ಪಾತ್ರೆಯನ್ನು ಒಲೆ ಕಟ್ಟೆಯ ಹತ್ತಿರ ಇಡಬೇಕು. ಏಪ್ರಿಲ್‌ನಲ್ಲಿ ತಣ್ಣೀರಲ್ಲೇ ರುಬ್ಬಿ, ತಡವಾಗಿ ರುಬ್ಬಿ, ಇಲ್ಲದಿದ್ದರೆ ಬೆಳಿಗ್ಗೆ ಹೊತ್ತಿಗೆ ಹಿಟ್ಟು ಪಾತ್ರೆ ಬಿಟ್ಟು ನೆಲದ ಮೇಲೆ ಇರುತ್ತದೆ.

ಕೆಲವು ವಿಷಯದಲ್ಲಿ ಕೈರುಚಿ ಅಂತ ವಾದ ಮಾಡುವ ಹಾಗಿಲ್ಲ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕದಲ್ಲಿ 2024ರ ಮಾರ್ಚ್‌ನಲ್ಲೇ ನಿಷೇಧಿಸಿದ್ದಾರೆ. ಇಡ್ಲಿ ತಟ್ಟೆಗೆ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಹಾಕುವುದನ್ನು 2025ರ ಫೆಬ್ರವರಿಯಲ್ಲಿ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಲೂ ಮಿತಿ ಇದೆ, ಪೋಲಾರ್ ಅಂಶ (ಎಣ್ಣೆ ಕಾದು ಕಾದು ಕೆಟ್ಟಾಗ ಅದರಲ್ಲಿ ಹುಟ್ಟುವ ಪದಾರ್ಥ) 25 ಪರ್ಸೆಂಟ್ ದಾಟಿದ ಎಣ್ಣೆ ಬಳಸುವಂತಿಲ್ಲ. ಎಣ್ಣೆ ಕಪ್ಪಾಗಿ, ನೊರೆ ಬಂದು, ಬೇಗ ಹೊಗೆಯಾಡಿದರೆ ಮೀಟರ್ ಬೇಕಿಲ್ಲ, ಚೆಲ್ಲಬೇಕಾದ ಹೊತ್ತು ಬಂದಿದೆ ಅಂತ ಅರ್ಥ.

ಗಲ್ಲಾ

ಬೆಳಿಗ್ಗೆ ಚಿಲ್ಲರೆಗೆ 2,000 ರೂಪಾಯಿ ಇಟ್ಟು ಶುರು ಮಾಡಿ. ಗಲ್ಲಾದಿಂದ ಹೊರಗೆ ಹೋಗುವ ಪ್ರತಿ ರೂಪಾಯಿಗೂ ಚೀಟಿ ಇರಬೇಕು. ಕೊತ್ತಂಬರಿಗೆ ಇಪ್ಪತ್ತಾದರೂ ಚೀಟಿ. ನಿಮ್ಮ ಸ್ಕೂಟರ್‌ಗೆ ಪೆಟ್ರೋಲ್ ಹಾಕಿಸಿಕೊಂಡರೂ ಚೀಟಿ. ಪಾರ್ಟ್ನರ್ ನೋಡುತ್ತಿಲ್ಲ ಅಂತ ಅಲ್ಲ, ನಾಳೆ ನಿಮಗೇ ಮರೆತುಹೋಗುತ್ತದೆ ಅಂತ.

ರಾತ್ರಿ ದುಡ್ಡು ಎಣಿಸುವುದು ಒಲೆಯವನು, ಬರೆಯುವುದು ಗಲ್ಲಾದವನು. ಇದನ್ನು ತಪ್ಪಿಸಬೇಡಿ. ಇಬ್ಬರೂ ಸಹಿ ಹಾಕಿ ಪುಸ್ತಕ ಮುಚ್ಚಲು ಹದಿನೈದು ನಿಮಿಷ ಸಾಕು. ಅಡುಗೆಮನೆ ಲೆಕ್ಕವನ್ನೂ ಗಲ್ಲಾ ಲೆಕ್ಕಕ್ಕೆ ತಾಳೆ ನೋಡಿ. 12 ಕೆಜಿ ಹಿಟ್ಟು ಖಾಲಿ, ದೋಸೆ ಟೋಕನ್ ಮಾತ್ರ 78 ಅಂದರೆ ಎಲ್ಲೋ ಸೋರುತ್ತಿದೆ. ನಮ್ಮಲ್ಲಿ ಹಾಗಾದಾಗ ನಾನು ಸಪ್ಲೈಯರ್ ಹುಡುಗನ ಮೇಲೆ ಅನುಮಾನಪಟ್ಟೆ. ನೋಡಿದರೆ ಹೊಸ ಸೌಟು ದೊಡ್ಡದಿತ್ತು, ಒಂದೊಂದು ದೋಸೆಗೆ 140 ಗ್ರಾಂ ಹೋಗುತ್ತಿತ್ತು. ಸೌಟು ಬದಲಾಯಿಸಿದೆವು, ಹುಡುಗನಿಗೆ ಸಾರಿ ಕೇಳಿದೆ.

ಕ್ಯೂಆರ್ ಸ್ಟಿಕ್ಕರ್ ಫರ್ಮಿನ ಕರೆಂಟ್ ಅಕೌಂಟ್‌ನದೇ ಆಗಿರಲಿ. ನಮ್ಮದು ಮೊದಲ ಎರಡು ತಿಂಗಳು ಅವನ ಸ್ವಂತ ಖಾತೆಗೆ ಹೋಗುತ್ತಿತ್ತು. ಆಮೇಲೆ ಅದರಲ್ಲಿ ಹೋಟೆಲ್ ದುಡ್ಡು ಯಾವುದು, ಅವನ ಚಿಕ್ಕಪ್ಪ ಕಳಿಸಿದ್ದು ಯಾವುದು ಅಂತ ಬಿಡಿಸಲು ಎರಡು ರಾತ್ರಿ ಹಿಡಿಯಿತು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಗಳಿಗೆ ನೋಟಿಸ್ ಕಳಿಸಿದಾಗ ಎಷ್ಟೋ ಜನ ಸ್ಟಿಕ್ಕರ್ ಕಿತ್ತು "ಕ್ಯಾಶ್ ಮಾತ್ರ" ಅಂತ ಬೋರ್ಡ್ ಹಾಕಿದರು ಅಲ್ವಾ? ನೋಂದಣಿ ಸರಿ ಇದ್ದು, ಖಾತೆ ಬೇರೆ ಇದ್ದರೆ ಆ ಗಾಬರಿ ಬೇಡ.

ಉದ್ರಿ ಬಗ್ಗೆ ಒಂದೇ ಮಾತು, ಕೊಡಬೇಡಿ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ಬಾಕಿ ಇಟ್ಟವರು ದುಡ್ಡೂ ಕೊಡುವುದಿಲ್ಲ, ಮುಜುಗರಕ್ಕೆ ಈ ಕಡೆ ಬರುವುದನ್ನೂ ಬಿಡುತ್ತಾರೆ.

ಕಾಗದ ಪತ್ರ

ಬೇಗ ಹೇಳಿಬಿಡುತ್ತೇನೆ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಪ್ರಾಧಿಕಾರ) ನೋಂದಣಿ ಅಥವಾ ಲೈಸೆನ್ಸ್, ನಿಮ್ಮ ವಹಿವಾಟು ಎಷ್ಟು ಅನ್ನುವುದರ ಮೇಲೆ. ಅದರ 14 ಅಂಕಿಯ ನಂಬರ್ ಬಿಲ್ಲಿನ ಮೇಲೆ ಬರಬೇಕು. ಪಾಲಿಕೆ ಅಥವಾ ನಗರಸಭೆಯ ಟ್ರೇಡ್ ಲೈಸೆನ್ಸ್. ಕಾರ್ಮಿಕ ಇಲಾಖೆಯಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ. ಗ್ಯಾಸ್ 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ಮಾತ್ರ, ಮನೆಯ 14.2 ಕೆಜಿ ಸಿಲಿಂಡರ್ ಸಿಕ್ಕಿಬಿದ್ದರೆ ಕೇಸ್. ಬೋರ್ಡಿನಲ್ಲಿ 60 ಪರ್ಸೆಂಟ್ ಕನ್ನಡ. ಎಲ್ಲವೂ ಫರ್ಮ್ ಹೆಸರಲ್ಲೇ ಆಗಲಿ. ಯಾವುದು ಯಾವಾಗ ಮುಗಿಯುತ್ತದೆ ಅಂತ ಆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ.

ಕೆಲಸದವರು

ಇಬ್ಬರು ಯಜಮಾನರು ಇರುವ ಕಡೆ ಕೆಲಸದವರ ಪಾಡು ಕಷ್ಟ. ಒಬ್ಬರು ಟೇಬಲ್ ಒರೆಸು ಅನ್ನುತ್ತಾರೆ, ಇನ್ನೊಬ್ಬರು ಈರುಳ್ಳಿ ಹೆಚ್ಚು ಅನ್ನುತ್ತಾರೆ. ಅಡುಗೆಮನೆಯಲ್ಲಿ ಅವನ ಮಾತು, ಹೊರಗೆ ನನ್ನ ಮಾತು ಅಂತ ಗೆರೆ ಎಳೆದುಕೊಂಡೆವು. ಗೆರೆ ಇರುವುದು ದೋಸೆ ಕಲ್ಲಿನ ಪಕ್ಕದ ಕಿಟಕಿಯಲ್ಲಿ. ನಾನು ಆ ಕಿಟಕಿ ದಾಟಿ ಯಾರನ್ನೂ ಬೈಯುವುದಿಲ್ಲ. ಪಾರ್ಟ್ನರ್ ಮೇಲಿನ ಸಿಟ್ಟನ್ನು ಕ್ಲೀನರ್ ಹುಡುಗನ ಮೇಲೆ ತೀರಿಸಿಕೊಳ್ಳುವುದು, ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂದ ಹಾಗೆ, ಎಲ್ಲ ಹೋಟೆಲಿನಲ್ಲೂ ನಡೆಯುತ್ತದೆ. ಹುಡುಗ ಹೇಳದೆ ಕೇಳದೆ ಊರಿಗೆ ಹೋದಾಗ ಗೊತ್ತಾಗುತ್ತದೆ.

ಸಂಬಳ ತಿಂಗಳ ಏಳನೇ ತಾರೀಕಿನೊಳಗೆ, ಮುಂಗಡ ಕೊಟ್ಟರೆ ಬರೆದು ಸಹಿ. 14 ವರ್ಷದೊಳಗಿನ ಮಕ್ಕಳನ್ನು ಯಾರೇ ಕರೆತಂದು ಬಿಟ್ಟರೂ ಇಟ್ಟುಕೊಳ್ಳಬೇಡಿ. ದೂರದ ಊರಿನ ಹುಡುಗರಿಗೆ ರೂಮು ಕೊಡುವುದಾದರೆ ಫ್ಯಾನು, ಬಿಸಿನೀರು ಇರುವ ರೂಮೇ ಕೊಡಿ.

ಡೆಲಿವರಿ ಆ್ಯಪ್

ಸೇರುವ ಮುಂಚೆ ಮತ್ತೆ ಆ ದೋಸೆ ಲೆಕ್ಕಕ್ಕೆ ಬನ್ನಿ. 70ರ ದೋಸೆಗೆ ಸಾಮಾನು 24.40, ಡಬ್ಬ 6, ಕಮಿಷನ್ 25 ಪರ್ಸೆಂಟ್ ಅಂತ ಹಿಡಿದರೆ 17.50. ಉಳಿಯುವುದು 22 ರೂಪಾಯಿ. ಅದರಲ್ಲಿ ಬಾಡಿಗೆ, ಸಂಬಳ ಎಲ್ಲ ಬರಬೇಕು. ಅದೂ ಅಲ್ಲದೆ ಡಬ್ಬದೊಳಗೆ ಹತ್ತು ನಿಮಿಷಕ್ಕೆ ದೋಸೆ ಬೆವರಿ ಮೆತ್ತಗಾಗುತ್ತದೆ, ಆಮೇಲೆ ಒಂದು ಸ್ಟಾರ್ ಹಾಕುತ್ತಾರೆ. ನಾವು ಇಡ್ಲಿ, ಬಾತ್ ಮಾತ್ರ ಕೊಡುತ್ತೇವೆ, ಅದೂ ಹತ್ತೂವರೆ ಆದಮೇಲೆ. ಬೆಳಗಿನ ರಶ್‌ನಲ್ಲಿ ಆ್ಯಪ್ ಆಫ್. ಎದುರಿಗೆ ನಿಂತ ಗಿರಾಕಿಯನ್ನು ಕಾಯಿಸಿ, ಕಾಣದ ಗಿರಾಕಿಗೆ ಕಟ್ಟಿಕೊಡುವುದು ಬಡಾವಣೆ ಹೋಟೆಲಿಗೆ ಆಗಿಬರುವುದಿಲ್ಲ. 2022ರ ಜನವರಿಯಿಂದ ಆ್ಯಪ್ ಮೂಲಕ ಹೋದ ತಿಂಡಿಗೆ ಜಿಎಸ್‌ಟಿ ಕಟ್ಟುವುದು ಆ್ಯಪ್ ಕಂಪನಿಯೇ. ಹಾಗಾಗಿ ಆ ವ್ಯಾಪಾರದ ಲೆಕ್ಕ ಬೇರೆ ಇಡಿ.

ರಜಾ

ವಾರಕ್ಕೆ ಒಂದು ದಿನ ಬಾಗಿಲು ಹಾಕಿ. ವ್ಯಾಪಾರ ಹೋಗುತ್ತದೆ ಅಂತ ನಾನು ಒಂದು ವರ್ಷ ತಡೆದೆ. ಬೆಂಗಳೂರಿನ ವಿದ್ಯಾರ್ಥಿ ಭವನ ಶುಕ್ರವಾರ ಮುಚ್ಚುತ್ತದೆ, ಲಾಲ್‌ಬಾಗ್ ರಸ್ತೆಯ ಎಂಟಿಆರ್ ಸೋಮವಾರ. ಅಲ್ಲಿ ನಿಲ್ಲುವ ಕ್ಯೂ ಮುಂದೆ ನಮ್ಮದು ಯಾವ ಲೆಕ್ಕ?

ನಮ್ಮ ರಜಾ ಮಂಗಳವಾರ. ಅವತ್ತು ಬೆಳಿಗ್ಗೆ ಬೇರೆ ಯಾವುದಾದರೂ ಹೋಟೆಲಿಗೆ ಇಬ್ಬರೂ ಹೋಗುತ್ತೇವೆ. ನೋಟ್‌ಬುಕ್ ಜೊತೆಗೆ ಇರುತ್ತದೆ. ವಾರದ ವ್ಯಾಪಾರ, ಕೊಡಬೇಕಾದ ಬಾಕಿ, ಮನಸ್ಸಿನಲ್ಲಿ ಇಟ್ಟುಕೊಂಡಿದ್ದು ಏನಾದರೂ ಇದ್ದರೆ ಅದು. ಬೇರೆಯವರ ಹೋಟೆಲಿನಲ್ಲಿ ಜೋರಾಗಿ ಕೂಗಾಡಲು ಆಗುವುದಿಲ್ಲ, ಅದೊಂದು ಅನುಕೂಲ. ಅವನಂತೂ ಅರ್ಧ ಮಾತು ಬಿಟ್ಟು ಅವರ ಚಟ್ನಿಗೆ ಹುರಿಗಡಲೆ ಎಷ್ಟು ಹಾಕಿದ್ದಾರೆ ಅಂತ ನೆಕ್ಕಿ ನೋಡುತ್ತಿರುತ್ತಾನೆ.

ಬಿಡುವ ದಾರಿಯನ್ನೂ ಬರೆದಿಡಿ

ಇದನ್ನು ಮಾತಾಡುವುದು ಅಪಶಕುನ ಅಂತ ನಮ್ಮಿಬ್ಬರ ಮನೆಯವರೂ ಅಂದರು. ಆದರೂ ಬರೆಯಿರಿ. ಅವಧಿ ಗೊತ್ತು ಮಾಡದ ಪಾಲುದಾರಿಕೆಯನ್ನು ಯಾರಾದರೂ ಒಬ್ಬರು ಲಿಖಿತ ನೋಟಿಸ್ ಕೊಟ್ಟು ಮುಗಿಸಬಹುದು. ನಿಮ್ಮ ಪತ್ರದಲ್ಲಿ ಬೇರೆ ಥರ ಇರಲಿ. ಬಿಡುವವರು ಆರು ತಿಂಗಳು ಮುಂಚೆ ಹೇಳಬೇಕು. ಪಾತ್ರೆ, ಯಂತ್ರ, ಅಡ್ವಾನ್ಸ್ ಎಲ್ಲದರ ಬೆಲೆ ಕಟ್ಟುವುದು ಹೇಗೆ, ಕಟ್ಟುವವರು ಯಾರು. ಹೆಸರಿಗೆ ಬೆಲೆ ಹಿಡಿಯಬೇಕಾ ಬೇಡವಾ. ದುಡ್ಡು ಒಂದೇ ಸಲವಾ, ಕಂತಿನಲ್ಲಾ. ಬೋರ್ಡು ಯಾರಿಗೆ, ಗೋಡೆ ಮೇಲಿನ ಸಾಂಬಾರ್ ಹಾಳೆ ಯಾರಿಗೆ. ಬಿಟ್ಟವರು ಅದೇ ಬೀದಿಯಲ್ಲಿ ಇನ್ನೊಂದು ಹೋಟೆಲ್ ಇಡಬಾರದು ಅಂತ ಕರಾರು ಮಾಡಿಕೊಳ್ಳಲು ಕಾಯ್ದೆಯಲ್ಲಿ ಅವಕಾಶ ಇದೆ, ಆದರೆ ಎಷ್ಟು ವರ್ಷ, ಎಷ್ಟು ದೂರ ಅನ್ನುವುದಕ್ಕೆ ನ್ಯಾಯವಾದ ಮಿತಿ ಇರಬೇಕು. ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಫರ್ಮ್ ಉಳಿಯುವುದಿಲ್ಲ. ಅವರ ಪಾಲು ಮನೆಯವರಿಗೆ ಎಷ್ಟು ದಿನದೊಳಗೆ ಸೇರಬೇಕು ಅನ್ನುವುದನ್ನೂ ಬರೆಯಿರಿ.

ಈ ಪತ್ರದ ಒಂದೊಂದು ಪ್ರತಿ ಇಬ್ಬರ ಮನೆಯಲ್ಲೂ ಇರಲಿ. ಹೋಟೆಲಿನಲ್ಲಿ ಇಡಬೇಡಿ. ನಮ್ಮ ಮೊದಲ ಪ್ರತಿ ರವೆ ಡಬ್ಬದ ಪಕ್ಕದ ಕಪಾಟಿನಲ್ಲಿತ್ತು. ಜಿರಳೆ ತಿಂದಿದ್ದು ಸರಿಯಾಗಿ ಲಾಭ ಹಂಚಿಕೆಯ ಪುಟವನ್ನೇ.